ಎಡೆಗೆ ಹೋದ ಅವರೆ

ಹೆಂಡತಿ ಗೌರಾಬಾಯಿ ತೀರಿಹೋದ ಸುದ್ದಿ ಬಂದಾಗ ಹೊಳಬಸಪ್ಪನವರು ಪುಣೆಯ ಹಡಪಸರದ ಮನೆಯ ಹಿತ್ತಲಲ್ಲಿ ಅವರೆ ಚಪ್ಪರಕ್ಕೆ ಹೊಸ ಬಿದಿರು ಕಟ್ಟುತ್ತಿದ್ದರು. ೨೦೦೩ರ ಮೇ ತಿಂಗಳ ಕೊನೆಯ ವಾರ. ಸ್ನಾನ ಪೂಜೆಗೆಂದು ಆಸ್ಪತ್ರೆಯಿಂದ ಬಂದು ಒಂದು ತಾಸೂ ಆಗಿರಲಿಲ್ಲ. ಹೆಂಡತಿಯ ಬಳಿ ಅವಳ ತಂಗಿ ಶಿವಬಸವ್ವ ಇದ್ದಳು. ಫೋನಿನಲ್ಲಿ ಆಕೆ, "ಮಾಮಾ, ಲಗೂನ ಬರ್ರಿ," ಎಂದಷ್ಟೇ ಹೇಳಿದಳು. ಅವರಿಗೆ ತಿಳಿಯಿತು.

ಎರಡು ದಿನದ ಹಿಂದೆ ಗೌರಾಬಾಯಿ ಹಾಸಿಗೆಯಿಂದಲೇ ಅಪ್ಪಣೆ ಮಾಡಿದ್ದಳು.

"ಮಿರಗದ ಮಳಿ ಬಿದ್ದ ಕೂಡ್ಲೆ ಅವರಿ ಬೀಜ ಹಾಕ್ರಿ. ಆಫೀಸಿನ ಫೈಲಲ್ಲ ಅದು, ನಾಳಿ ನೋಡೂಣಂತ ಇಡಬ್ಯಾಡ್ರಿ."

"ನೀನ ಬಂದು ಹಾಕಾಕಿ ಅದೀ. ಸುಮ್ಮನ ಮಲಕೋ."

"ನಾ ಬರಲಿ ಬಿಡಲಿ, ಬಳ್ಳಿ ತಪ್ಪಬಾರದು. ಮಾತು ಕೊಡ್ರಿ."

ಜೂನಿನಲ್ಲಿ ಮೃಗಶಿರಾ ಮಳೆ ಬಿದ್ದೊಡನೆ ಬಿತ್ತುವುದಾಗಿ ಮಾತು ಕೊಟ್ಟರು. ಬೀಜ ಎಲ್ಲಿದೆ ಎಂದು ಮಾತ್ರ ಕೇಳಲಿಲ್ಲ. ಮೂವತ್ತು ವರ್ಷ ಇವರು ಕೋಲು ನೆಟ್ಟದ್ದಷ್ಟೇ. ಬೀಜ ಆರಿಸುವುದು, ಕಾಯುವುದು ಅವಳ ಕೆಲಸ. ಮದುವೆಯಾಗಿ ಪುಣೆಗೆ ಬರುವಾಗ ಅವಳ ತಾಯಿ ಸೆರಗಿಗೆ ಕಟ್ಟಿ ಕಳಿಸಿದ ಬೀಜ ಅದು. ಕರಿ ಕಾಳು, ಅಂಚಿಗೆ ಬಿಳಿ ಗೆರೆ. ಆ ತವರೂರು ಈಗ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಕಾಯಿಯನ್ನು ಅವಳು ಓಣಿಗೆಲ್ಲ ಹಂಚುತ್ತಿದ್ದಳು. ಬೀಜವನ್ನು ಯಾರೂ ಕೇಳಿರಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ, ಎಡೆಯ ಅಡಿಗೆಗೆ ನಿಂತ ಶಿವಬಸವ್ವ ಒಳಗಿನಿಂದ ಕೂಗಿದಳು:

"ಮಾಮಾ, ಅಕ್ಕಗ ಸೇರೂದು ಏನರ ಮಾಡಬೇಕಲ್ರಿ. ನಮ್ಮವ್ವ ಮಾಡ್ತಿದ್ದ ಅವರಿಕಾಳ ಪಲ್ಲೆ ಮಾಡ್ಲೇನು? ಕಾಳ ಅದಾವೇನ್ರಿ?"

ಬಂದವರ ನಡುವೆ ಮಂಕು ಬಡಿದು ಕೂತಿದ್ದ ಹೊಳಬಸಪ್ಪನವರು, "ಮ್ಯಾಲಿನ ಡಬ್ಬಿ ನೋಡವಾ, ಇದ್ರ ತಗೋ," ಎಂದರು.

"ಸಿಕ್ಕೂ ರೀ. ಬೂದಿ ಹಚ್ಚಿ ಇಟ್ಟಾಳ, ನುಸಿ ಭಾಳ ಹತ್ತಿಲ್ಲ. ಅಕ್ಕ ಅಂದ್ರ ಅಕ್ಕ."

ಆ ಮಾತು ಕಿವಿಗೆ ಬಿತ್ತು, ಒಳಕ್ಕೆ ಇಳಿಯಲಿಲ್ಲ.

ಗೋರಿಯ ಮುಂದೆ ಎಡೆ ಹಿಡಿದು ಬಂದು ಎಲ್ಲರೂ ಉಂಡರು. ಎರಡು ಸಲ ನೀರು ಬಸಿದು, ಗುರೆಳ್ಳು ಪುಡಿ ಹಾಕಿದ ಪಲ್ಲೆ. ಥೇಟ್ ಗೌರಾಬಾಯಿಯ ಕೈರುಚಿ. ಹೊಳಬಸಪ್ಪನವರು ಕಣ್ಣೊರೆಸಿಕೊಳ್ಳುತ್ತ ಇನ್ನೊಮ್ಮೆ ಹಾಕಿಸಿಕೊಂಡರು.

ಶಿವಬಸವ್ವ ದೌಂಡಿಗೆ, ತನ್ನ ರೈಲ್ವೆ ಕ್ವಾರ್ಟರ್ಸಿಗೆ ಹಿಂತಿರುಗಿದಳು. ಮಿರಗದ ಮೊದಲ ಮಳೆ ಬಿದ್ದ ಬೆಳಿಗ್ಗೆ ಹೊಳಬಸಪ್ಪನವರು ಬೀಜ ಹುಡುಕಲು ಕೂತರು. ಟ್ರಂಕು ನೋಡಿದರು, ಸೀರೆಗಳ ನಡುವೆ ನೋಡಿದರು, ದೇವರ ಗೂಡಿನಲ್ಲೂ ಕೈಯಾಡಿಸಿದರು. ಕೊನೆಗೆ ಅಡಿಗೆಮನೆಗೆ ಬಂದು ಮೇಲಿನ ಹಲಗೆಯ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದರು. ಒಂದರ ಬಾಯಿಗೆ ಬಟ್ಟೆ ಕಟ್ಟಿದ ಗುರುತಿತ್ತು. ಒಳಗೆ ಬರೀ ಬೂದಿ, ಬೀಜಕ್ಕೆ ಹುಳ ಹತ್ತದಿರಲೆಂದು ಅವಳು ಹಚ್ಚಿದ್ದು.

ಅಲ್ಲೇ ನೆಲಕ್ಕೆ ಕೂತರು. ತಾವೇ ತೋರಿಸಿದ ಡಬ್ಬಿ. ತಾವೇ ಎರಡು ಸಲ ಹಾಕಿಸಿಕೊಂಡು ಉಂಡದ್ದು.

ಬೂದಿ ಜರಡಿ ಹಿಡಿದಾಗ ಮೂರು ಕಾಳು ಸಿಕ್ಕವು, ಹುಳ ಕೊರೆದಿವೆಯೆಂದು ಶಿವಬಸವ್ವ ಬಿಟ್ಟಂಥವು. ಮಂತ್ರ ಹೇಳಿ ಊರಿದರು. ಒಂಬತ್ತು ದಿನ ಮಣ್ಣು ಅಲುಗಲಿಲ್ಲ. ಹತ್ತನೆಯ ದಿನ ಬೆರಳಿನಿಂದ ಕೆದರಿದರೆ ಸಿಪ್ಪೆಯೊಳಗೆ ಕೊಳೆತ ನೀರು.

ಅಂದೇ ಸಂಜೆ ಶಿವಬಸವ್ವನ ಫೋನು ಬಂತು.

"ಅಕ್ಕ ಕನಸಿನ್ಯಾಗ ಬಂದಿದ್ಲ್ರಿ ಮಾಮಾ. ನಗಾಕತ್ತಿದ್ಲು. ಅವ್ವನ ಪಲ್ಲೆ ಮುಟ್ಟೇತ್ರಿ ಆಕಿಗೆ."

ಅವರ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು. ನುಂಗಿಕೊಂಡರು. ಆ ಹೆಣ್ಣುಮಗಳ ತಪ್ಪೇನು?

"ಹೌದವಾ," ಎಂದರು. "ಮುಟ್ಟೇತಿ."

ಕೈಕಾಲು ತೊಳೆದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರು.

"ಶಿವನೇ, ಕೊಟ್ಟ ಮಾತು ನನ್ನಿಂದ ನಡೆಯಲಿಲ್ಲ. ಅದರ ಭಾರ ನನಗಿರಲಿ, ಅವಳಿಗೆ ಬೇಡ. ಅವಳ ಜೀವ ಈ ಹಿತ್ತಲನ್ನು ತಿರುಗಿ ನೋಡದಿರಲಿ. ನಿನ್ನ ಪಾದದಲ್ಲಿ ಅವಳಿಗೆ ಶಾಂತಿ ಕೊಡು, ತಂದೆ."