ನಿಂತರೂ ಉರಿಯುವ ದೀಪ

ಬಂಗಾರಪೇಟೆಯ ಸೈಕಲ್ ಅಂಗಡಿ ಆರುಮುಗಂ ಎಂಥೆಂಥ ಗಿರಾಕಿಗಳನ್ನೋ ನೋಡಿದ್ದ, ಸೊಣ್ಣಮ್ಮನಂಥವಳನ್ನು ಮಾತ್ರ ನೋಡಿರಲಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ಹಿಡಿದು, ಪೆಡಲು ಗರಗರ ತಿರುಗಿಸಿ, ಹೊಸ ಡೈನಮೋ ದೀಪ ಫಳ್ಳನೆ ಹೊತ್ತಿಕೊಂಡಾಗ ಅವನು ಮದುವೆ ಗಂಡನ್ನು ತೋರಿಸುವವನ ಹಾಗೆ ಅವಳ ಮುಖ ನೋಡಿದ. ಸೊಣ್ಣಮ್ಮ ದೀಪದ ಕಡೆ ನೋಡಲೇ ಇಲ್ಲ. ಸೀದಾ ಕೈ ಚಾಚಿ ಚಕ್ರ ಹಿಡಿದು ನಿಲ್ಲಿಸಿಬಿಟ್ಟಳು. ದೀಪ ಆರಿತು.

"ನೋಡ್ದಾ? ಸತ್ತೋಯ್ತು. ಇದು ಬ್ಯಾಡ. ನಿಂತ್ರೂ ಉರಿಯೋದು ಕೊಡು," ಅಂದಳು.

"ನಿಂತ ಮೇಲೆ ಲೈಟ್ ಯಾತಕ್ಕಮ್ಮಾ? ಗಾಡಿ ಓಡೋವಾಗ ತಾನೇ ದಾರಿ ಕಾಣಬೇಕು!"

"ನಂಗೆ ಬೇಕು. ಕೊಡೋದಾದ್ರೆ ಕೊಡು."

ಅವಳ ಮಗ ಸೀನ ತನಗೂ ಈ ಹೆಂಗಸಿಗೂ ಸಂಬಂಧವೇ ಇಲ್ಲ ಎನ್ನುವಂತೆ ರಸ್ತೆ ಕಡೆ ಮುಖ ಮಾಡಿ ನಿಂತಿದ್ದ. ಪಾಪ, ಪ್ರಾಯದ ಹುಡುಗ, ನಾಚಿಕೆಯಾಗದೆ ಇನ್ನೇನು? ಬರುವ ಸೋಮವಾರದಿಂದ ಅವನು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಗೆ ಕೆಲಸಕ್ಕೆ ಹೋಗಬೇಕು. ಸತ್ತ ಅಪ್ಪನ ಕೆಲಸ ಮಗನಿಗೆ ಸಿಕ್ಕಿತ್ತು. ಅಪ್ಪನ ಸೈಕಲ್ಲೂ ಇತ್ತು, ಅದಕ್ಕೆ ಅಪ್ಪನ ಡೈನಮೋನೂ ಇತ್ತು, ಒಂಚೂರು ಎಣ್ಣೆ ಬಿಟ್ಟರೆ ಇವತ್ತಿಗೂ ಉರಿಯುತ್ತಿತ್ತು. ಆದರೆ ಸೊಣ್ಣಮ್ಮ ಅದನ್ನು ಕಿತ್ತುಕೊಂಡು ಬಂದು ಆರುಮುಗಂನ ಮುಂದೆ ಕುಕ್ಕಿದ್ದಳು. ಬೇರೆ ದೀಪ ಹಾಕಿಸದೆ ಹೊಸಲು ದಾಟಬೇಡ ಎಂದು ಮಗನಿಗೆ ಆಣೆ ಇಟ್ಟಿದ್ದಳು.

ಅವಳಿಗೆ ಹುಚ್ಚು ಹಿಡಿದಿರಲಿಲ್ಲ. ನಡೆದದ್ದು ಹೀಗೆ.

ಸೀನನ ಅಪ್ಪ ಮುನಿನಾರಾಯಣಪ್ಪ ಬೆಳಿಗ್ಗೆ ಸೈಕಲ್ ತುಳಿದು ಗಣಿಗೆ ಹೋದರೆ, ಕೆಲಸ ಮುಗಿಸಿ, ಊರಿಗಾಂನ ಟೀ ಅಂಗಡಿಯಲ್ಲಿ ಒಂದು ಸುತ್ತು ಹರಟೆ ಹೊಡೆದು, ಕತ್ತಲಾದ ಮೇಲೇ ಹಳ್ಳಿ ಸೇರುತ್ತಿದ್ದ. ಹಳ್ಳಿಗೆ ಬರುವ ದಾರಿ ಕೆರೆ ಏರಿಯ ಮೇಲಿತ್ತು. ಇವರ ಮನೆ ಏರಿಯ ಕೆಳಗೆ, ಕೊನೆಯದು. ಹಿತ್ತಿಲಿನ ಚಪ್ಪರದಡಿ ಒಲೆ. ಒಲೆ ಮುಂದೆ ಕೂತರೆ ಏರಿ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತಿತ್ತು. ಆ ತುದಿಯಲ್ಲಿ ಸೈಕಲ್ಲಿನ ದೀಪ ಕಂಡ ಕೂಡಲೆ ಸೊಣ್ಣಮ್ಮ ಮುದ್ದೆಗೆ ಎಸರಿಡುತ್ತಿದ್ದಳು. ಗಂಡ ಬಂದು ಕೈಕಾಲು ತೊಳೆದು ಕೂರುವ ಹೊತ್ತಿಗೆ ತಟ್ಟೆಯಲ್ಲಿ ಮುದ್ದೆ ಹೊಗೆಯಾಡುತ್ತಿರಬೇಕು. ಆರಿದ ಮುದ್ದೆ ಅವನಿಗೆ ಸೇರುತ್ತಿರಲಿಲ್ಲ, ಆರಿದ ಮುದ್ದೆ ಬಡಿಸುವುದು ಇವಳಿಗೂ ಸೇರುತ್ತಿರಲಿಲ್ಲ.

ಆದರೆ ಅವನು ಮಾತಿನಮಲ್ಲ. ಏರಿ ಮೇಲೆ ಕುರಿ ಹೊಡೆದುಕೊಂಡು ಬರುವ ಬೈರಪ್ಪ ಸಿಕ್ಕಿದರೆ ಸಾಕು, ಸೈಕಲ್ ನಿಲ್ಲುತ್ತಿತ್ತು, ದೀಪ ಆರುತ್ತಿತ್ತು. ಡೈನಮೋ ಗುಣವೇ ಅದು, ಚಕ್ರ ತಿರುಗಿದರೆ ಬೆಳಕು, ನಿಂತರೆ ಕತ್ತಲು. ಆಗ ಸೊಣ್ಣಮ್ಮ ಒಲೆಯಿಂದ ಕೊಳ್ಳಿ ಹೊರಗೆಳೆಯುತ್ತಿದ್ದಳು. "ಸಿಕ್ಕುದ್ರು ಯಾರೋ. ಇನ್ನು ಊರ ಪುರಾಣ ಎಲ್ಲಾ ಮುಗೀಬೇಕು," ಎಂದು ಗೊಣಗುತ್ತಿದ್ದಳು. ದೀಪ ಮತ್ತೆ ಹೊತ್ತಿಕೊಂಡರೆ ಕೊಳ್ಳಿ ಒಳಕ್ಕೆ. ಹೀಗೆ ವರ್ಷಗಟ್ಟಲೆ ಆ ದೀಪ ನೋಡಿಕೊಂಡೇ ಅವಳು ಅಡುಗೆ ಮಾಡಿದಳು.

ಆ ಡೈನಮೋ ಕೊಡಿಸಿದವಳೂ ಅವಳೇ. ಬ್ಯಾಟರಿ ದೀಪ ಹಾಕಿಸಬೇಕು ಅಂತ ಗಂಡನಿಗೆ ಆಸೆ ಇತ್ತು. "ಸೆಲ್ಲು ತಿನ್ನೋ ದೀಪ ನಮಗ್ಯಾಕೆ? ಇದಾದ್ರೆ ತುಳಿದಷ್ಟೂ ಪುಕ್ಕಟೆ ಬೆಳಕು," ಎಂದು ಇದೇ ಬಂಗಾರಪೇಟೆಯಲ್ಲಿ ಹಟ ಹಿಡಿದು ಗೆದ್ದಿದ್ದಳು. ಗೆದ್ದೆ ಅಂತ ಬಸ್ಸಿನಲ್ಲಿ ಊರವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಎರಡು ವರ್ಷದ ಹಿಂದೆ, ಕಾರ್ತಿಕದ ಚಳಿಯಲ್ಲಿ, ಒಂದು ಸಂಜೆ ದೀಪ ಏರಿಯ ಆ ತುದಿಯಲ್ಲಿ ಕಾಣಿಸಿತು. ಸೊಣ್ಣಮ್ಮ ಎಸರಿಟ್ಟಳು. ದೀಪ ಹುಣಸೆಮರದ ಹತ್ತಿರ ಬಂದು ಆರಿತು. ಅವಳು ಎಂದಿನಂತೆ ಕೊಳ್ಳಿ ಎಳೆದಳು. ಅಷ್ಟರಲ್ಲಿ ಪಕ್ಕದ ಮನೆಯ ಪಾಪಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದವಳು, "ಯಜಮಾನ್ರು ಇನ್ನೂ ಬರ್ಲಿಲ್ವಾ?" ಅಂದಳು.

"ಬಂದವ್ರೆ ಬಂದವ್ರೆ. ಏರಿ ಮ್ಯಾಲೆ ನಿಂತು ಭಾಷಣ ಮಾಡ್ತವ್ರೆ!"

ಇಬ್ಬರೂ ಬಾಯಿ ತುಂಬ ನಕ್ಕರು. ಪಾಪಕ್ಕ ಹೋದಳು. ಎಸರು ಆರಿತು. ಸೊಣ್ಣಮ್ಮನಿಗೆ ರೇಗಿತು. "ಬರ್ಲಿ ಇವತ್ತು, ತಣ್ಣನೆ ಮುದ್ದೇನೇ ಬಡಿಸ್ತೀನಿ," ಅಂದುಕೊಂಡು ಸೆರಗು ಹೊದ್ದು ಒಲೆ ಮುಂದೆಯೇ ಕೂತಳು. ಕೊನೆಗೆ ಏರಿ ಇಳಿದು ಓಡಿ ಬಂದವನು ಬೈರಪ್ಪ. ಅವನು ಆವತ್ತು ಕುರಿಗಳನ್ನು ತಡವಾಗಿ ಹೊಡೆದುಕೊಂಡು ಬಂದಿದ್ದ. ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಮುನಿನಾರಾಯಣಪ್ಪ ಮರಕ್ಕೆ ಒರಗಿ ಕೂತಿದ್ದ. ಮೈ ತಣ್ಣಗಾಗಿತ್ತು. ಚಪ್ಪಲಿ ಪಕ್ಕದಲ್ಲಿ ಬಿಟ್ಟಿದ್ದವು. ಎದೆ ನಿಂತು ಹೋಗಿದೆ ಅಂದರು ಡಾಕ್ಟರು.

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು. "ಒಂದೇ ಏಟಿಗೆ ಓಗೈತೆ ಪ್ರಾಣ. ನೀನು ಓಡಿದ್ರೂ ಸಿಗ್ತಿರ್ಲಿಲ್ಲ ಕಣಮ್ಮ. ಅಷ್ಟು ದೂರ!" ಸೀನ ಅದನ್ನೇ ಮಂತ್ರದ ಹಾಗೆ ದಿನಾ ಹೇಳಿದ. ಅವಳು ಆ ಮಾತನ್ನು ಹಿಡಿದುಕೊಂಡು ಬದುಕಿದಳು. ಹಿಡಿದುಕೊಳ್ಳಲು ಬೇರೇನಿತ್ತು? ಆದರೂ ಒಂದು ವಿಷಯ ಒಳಗೊಳಗೇ ಕೊರೆಯುತ್ತಿತ್ತು. ಸೈಕಲ್ಲಿಗೆ ಸ್ಟ್ಯಾಂಡು ಹಾಕಿತ್ತು. ಒಂದೇ ಏಟಿಗೆ ಪ್ರಾಣ ಹೋಗುವವನು ಸ್ಟ್ಯಾಂಡು ಹಾಕಿ, ಚಪ್ಪಲಿ ಬಿಟ್ಟು ಕೂರುತ್ತಾನಾ? ಈ ಪ್ರಶ್ನೆಯನ್ನು ಅವಳು ಯಾರ ಹತ್ತಿರವೂ ಕೇಳಲಿಲ್ಲ. ಏರಿಯ ಮೇಲೆ ಕಾಲಿಡುವುದನ್ನೇ ಬಿಟ್ಟಳು. ಬಸ್ಸಿಗೆ ಹೋಗಬೇಕಾದರೂ ಗದ್ದೆ ಬದುವಿನ ಮೇಲೆ ಸುತ್ತಿಕೊಂಡು ಹೋದಳು. ಮನಸ್ಸಿನಲ್ಲಿ ಒಲೆಗೂ ಆ ಹುಣಸೆಮರಕ್ಕೂ ನಡುವಿನ ದೂರ ಬೆಳೆದು ಬೆಳೆದು ಗಾವುದವಾಯಿತು. ಅದು ಬೆಳೆದಷ್ಟೂ ಅವಳಿಗೆ ನಿದ್ದೆ ಬರುತ್ತಿತ್ತು.

ಇಂಥವಳು ಮಗನ ಸೈಕಲ್ಲಿಗೆ ದೀಪ ಕೊಳ್ಳಲು ಬಂದಿದ್ದಳು. ಆರುಮುಗಂಗೆ ಇದೆಲ್ಲ ಗೊತ್ತಿಲ್ಲ. ಅವನು ಒಂದು ಟಾರ್ಚು ತೆಗೆದು, ಟ್ಯೂಬಿನ ರಬ್ಬರಿನಲ್ಲಿ ಹ್ಯಾಂಡಲ್ಲಿಗೆ ಬಿಗಿದು ತೋರಿಸಿದ.

"ಸೈಕಲ್ ಬಿದ್ರೆ?"

"ಬಿದ್ರೆ ಟಾರ್ಚೂ ಬೀಳುತ್ತೆ."

"ಬ್ಯಾಡ."

ಕೊನೆಗೆ ಅವನು ಮೇಲಿನ ಹಲಗೆಯಿಂದ ಒಂದು ಡಬ್ಬಿಯಂಥ ಬ್ಯಾಟರಿ ದೀಪ ಇಳಿಸಿ ಧೂಳು ಒರೆಸಿದ. ಒಳಗೆ ಎರಡು ಸೆಲ್ಲು, ಮೇಲೆ ಗುಂಡಿ, ಹಿಂದೆ ಹ್ಯಾಂಡಲ್ಲಿಗೆ ಸಿಕ್ಕಿಸುವ ಪಟ್ಟಿ. ಸೊಣ್ಣಮ್ಮ ಗುಂಡಿ ಒತ್ತಿಸಿದಳು. ಅಲ್ಲಾಡಿಸಿದಳು. ಆಮೇಲೆ ಅದನ್ನು ಎತ್ತಿ ಗಲ್ಲಾಪೆಟ್ಟಿಗೆಯ ಮೇಲೆ ಟಪ್ಪನೆ ಕುಟ್ಟಿದಳು.

"ಅಯ್ಯಯ್ಯೋ, ಅದೇನು ತೆಂಗಿನಕಾಯೇನಮ್ಮಾ?" ಆರುಮುಗಂ ಹೌಹಾರಿದ.

ದೀಪ ಉರಿಯುತ್ತಲೇ ಇತ್ತು. "ಇದೇ ಇರ್ಲಿ," ಅಂದಳು.

ಸೀನನಿಗೆ ಇನ್ನು ತಡೆಯಲಾಗಲಿಲ್ಲ. "ಅಮ್ಮ, ಸೆಲ್ಲು ಯಾರು ಆಕ್ತಾರೆ ದಿನಾ? ಡೈನಮೋನೇ ಸಾಕು ನಂಗೆ. ಎಷ್ಟು ಕಿತ ಏಳ್ಲಿ ನಿಂಗೆ? ನೀನು ಓಡಿದ್ರೂ ಸಿಗ್ತಿರ್ಲಿಲ್ಲ ಅಪ್ಪ!"

"ಸಿಗ್ತಿರ್ಲಿಲ್ಲ ಕಣ್ಲಾ, ಒಪ್ಕೊಂಡೆ," ಅಂದಳು ಸೊಣ್ಣಮ್ಮ. "ಆದ್ರೆ ಓಡೋಕೂ ಆಗ್ಲಿಲ್ವಲ್ಲಾ ನಂಗೆ. ದೀಪ ಆರ್ತು, ಯಾರೋ ಸಿಕ್ಕವ್ರೆ ಅಂದ್ಕೊಂಡೆ. ಉರೀತಾ ನಿಂತಿದ್ರೆ ಎದ್ದು ನೋಡ್ತಿದ್ದೆ. ಇನ್ನೊಂದು ಕಿತ ಆ ಒಲೆ ಮುಂದೆ ಕುಂತು ನಗೋಕೆ ನನ್ ಕೈಲಾಗಲ್ಲ, ಸೀನ."

ಆರುಮುಗಂ ಎಲ್ಲ ಕೇಳಿಸಿಕೊಂಡ. ಮತ್ತೆ ವಾದ ಮಾಡಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ದೀಪವನ್ನು ಸೈಕಲ್ಲಿಗೆ ಸಿಕ್ಕಿಸಿ, ತಿರುಪು ಎರಡೆರಡು ಸಲ ಬಿಗಿ ಮಾಡಿದ. "ಸೆಲ್ ತೀರಿದ್ರೆ ಬಾ ತಂಬಿ," ಎಂದು ಸೀನನ ಭುಜ ತಟ್ಟಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಗಾದೆ. ಸೊಣ್ಣಮ್ಮ ದಾರಿಯುದ್ದಕ್ಕೂ ಅದನ್ನೇ ತನಗೆ ತಾನೇ ಹೇಳಿಕೊಂಡಳು.

ಸೋಮವಾರ ಸೀನ ಕೆಲಸಕ್ಕೆ ಹೋದ. ಸಂಜೆ ಸೊಣ್ಣಮ್ಮ ಹಿಟ್ಟು ಅಳೆದಿಟ್ಟುಕೊಂಡು, ಮಡಕೆಗೆ ನೀರು ತುಂಬಿಟ್ಟುಕೊಂಡು, ಒಲೆ ಉರಿ ಮಾಡಿ ಏರಿ ಕಡೆ ನೋಡುತ್ತ ಕೂತಳು. ಎರಡು ವರ್ಷದಿಂದ ಅವಳು ಒಲೆ ಮುಂದೆ ಏರಿಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಕತ್ತಲು ಕವಿಯಿತು. ಏರಿಯ ಆ ತುದಿಯಲ್ಲಿ ದೀಪ ಕಂಡಿತು. ಎದ್ದು ಎಸರಿಟ್ಟಳು.

ದೀಪ ಬಂತು, ಬಂತು, ಹುಣಸೆಮರದ ಹತ್ತಿರ ನಿಂತಿತು. ಆರಲಿಲ್ಲ. ಮುಂದಕ್ಕೂ ಬರಲಿಲ್ಲ.

ಸೊಣ್ಣಮ್ಮ ಕೊಳ್ಳಿ ಎಳೆಯಲಿಲ್ಲ. ಮುಚ್ಚಳ ಮುಚ್ಚಲಿಲ್ಲ, ಕಾಲಿಗೆ ಏನೂ ಮೆಟ್ಟಲಿಲ್ಲ, ಬೇಲಿ ಹಾರಿ ಏರಿ ಹತ್ತಿ ಓಡಿದಳು. "ಸೀನಾ! ಲೋ ಸೀನಾ!" ಎಂದು ಕೂಗುತ್ತ, ಸೀರೆ ಎತ್ತಿ ಕಟ್ಟಿಕೊಂಡು, ಮುಳ್ಳು ಕಲ್ಲು ನೋಡದೆ ಓಡಿದಳು. ದೇವರೇ, ಇದೊಂದನ್ನು ಉಳಿಸಿಕೊಡು, ಇನ್ನೇನೂ ಕೇಳುವುದಿಲ್ಲ ಎಂದು ಬೇಡಿಕೊಳ್ಳುತ್ತ ಓಡಿದಳು. ಆ ಬೇಡಿಕೆ ಮುಗಿಯುವಷ್ಟರಲ್ಲಿ ಹುಣಸೆಮರ ಬಂದೇಬಿಟ್ಟಿತು.

ಸೀನ ಕುಕ್ಕರುಗಾಲಲ್ಲಿ ಕೂತು, ಆ ದೀಪದ ಬೆಳಕಿನಲ್ಲಿ, ಕಳಚಿದ ಚೈನು ಏರಿಸುತ್ತಿದ್ದ. ಕೈಯೆಲ್ಲ ಗ್ರೀಸು.

"ಯಾಕಮ್ಮಾ ಇಂಗೆ ಓಡ್ಬಂದೆ? ಚೈನು ಕಳಚ್ಕಂಡ್ತು ಅಷ್ಟೇ. ನಿನ್ ದೀಪ ಇದ್ದಿದ್ದಕ್ಕೆ ಕಾಣ್ತೈತೆ ನೋಡು," ಎಂದು ನಕ್ಕ.

ಸೊಣ್ಣಮ್ಮ ಅವನ ತಲೆ ಸವರಿದಳು, ಕೆನ್ನೆ ಸವರಿದಳು. ನಗು ಬಂತು, ಜತೆಗೇ ಅಳುವೂ ಬಂತು. ಹಾಗೇ ಹಿಂದಿದ್ದ ಕಲ್ಲಿನ ಮೇಲೆ ಕೂತಳು. ಯಾವ ಕಲ್ಲು ಎಂದು ಕೂತ ಮೇಲೇ ತಿಳಿದದ್ದು. ಅಲ್ಲಿಂದ ಕೆಳಗೆ ನೋಡಿದಳು. ತನ್ನ ಮನೆಯ ಹಿತ್ತಿಲು ಕಂಡಿತು. ಚಪ್ಪರ ಕಂಡಿತು, ಒಲೆಯ ಉರಿ ಕಂಡಿತು, ಉರಿಯ ಬೆಳಕಿನಲ್ಲಿ ಅವಳು ಕೂರುವ ಮಣೆಯೂ ಕಂಡಿತು.

ಅವಳ ನಗು ನಿಂತು ಹೋಯಿತು.

"ಸೀನ, ಇಷ್ಟೇನಾ ದೂರ?"

ಅವನು ಪೆಡಲು ತಿರುಗಿಸಿ ಚೈನು ಕೂರಿಸಿದ.

"ಇಲ್ಲೇ ಕುಂತು ನನ್ನ ನೋಡ್ತಾ ಇದ್ರು ಕಣ್ಲಾ ನಿಮ್ಮಪ್ಪ. ಕೂಗೋಕೆ ಉಸಿರಿರ್ಲಿಲ್ಲ ಅಂತ ಕಾಣುತ್ತೆ. ನಾನು ಬತ್ತೀನಿ ಅಂತ ಕಾಯ್ತಾ ಇದ್ರು. ನಾನು ಕೊಳ್ಳಿ ಎಳ್ದಿದ್ದು ಕಂಡಿರ್ತದೆ. ಪಾಪಕ್ಕನ ಜತೆ ನಕ್ಕಿದ್ದೂ ಕೇಳಿಸಿರ್ತದೆ."

"ನಡಿಯಮ್ಮ, ಚಳಿ," ಅಂದ ಸೀನ.

ಇಬ್ಬರೂ ನಡೆದುಕೊಂಡೇ ಬಂದರು. ಸೀನ ಸೈಕಲ್ ತಳ್ಳಿಕೊಂಡು ಬಂದ, ದೀಪ ಮುಂದೆ ದಾರಿ ತೋರಿಸುತ್ತಿತ್ತು. ಮನೆ ಸೇರಿದ ಕೂಡಲೆ ಸೊಣ್ಣಮ್ಮ ಒಲೆ ಹತ್ತಿರ ಹೋಗಿ ಮಡಕೆಯೊಳಗೆ ಬಗ್ಗಿ ನೋಡಿದಳು. ಅಷ್ಟು ದೂರ ಓಡಿ ಹೋಗಿ, ಕೂತು, ನಡೆದುಕೊಂಡು ವಾಪಸು ಬಂದಿದ್ದಳು. ಎಸರು ಇನ್ನೂ ಕುದಿ ಬಂದಿರಲಿಲ್ಲ.

ಅವಳು ಮಣೆಯ ಮೇಲೆ ಕುಸಿದು ಕೂತು, ಗಂಡ ಸತ್ತ ದಿನವೂ ಅಳದ ಹಾಗೆ ಅತ್ತಳು. ಸೀನ ಪಕ್ಕದಲ್ಲೇ ಕೂತು ಕೊಳ್ಳಿಗಳನ್ನು ಒಲೆಯೊಳಕ್ಕೆ ತಳ್ಳಿದ. ಎರಡು ವರ್ಷದಿಂದ ದಿನಾ ಹೇಳುತ್ತಿದ್ದ ಮಾತನ್ನು ಆವತ್ತು ಅವನು ಹೇಳಲಿಲ್ಲ.