ವೀಳ್ಯದೆಲೆಯ ಮೇಲಿನ ದುಡ್ಡು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಜನರ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಕಳ್ಳರನ್ನು ಹೇಗೋ ಸಹಿಸಿಕೊಳ್ಳುತ್ತೇನೆ. ಕದ್ದದ್ದನ್ನೇ ನ್ಯಾಯ ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ.

ಇಲ್ಲಿರುವ ನಮ್ಮ ಊರ ಕಡೆಯವರ ಮದುವೆಗಳಿಗೆ ಅಡುಗೆ ಮಾಡಿಸುವ ಜಯಶೀಲ ಕಳೆದ ಜುಲೈಯಲ್ಲಿ ಬಂದು, ಆದಾಯ ಸೊನ್ನೆ ಎಂದು ಬರೆಯಲು ಹೇಳಿದ.

“ಯಾರೂ ಟಿಡಿಎಸ್ ಕಟ್ ಮಾಡ್ಲಿಲ್ಲ, ಒಂದು ಕಾಗದ ಕೊಡ್ಲಿಲ್ಲ. ಮತ್ತೆ ಇನ್‌ಕಮ್ ಅಂತ ಹೇಗೆ ಹೇಳೂದು ಅಮಿತಕ್ಕ?”

“ದುಡ್ಡು ಕೊಡ್ತಾರಲ್ಲ ಜಯಶೀಲಣ್ಣ?”

“ಅದು ವೀಳ್ಯದೆಲೆ ಮೇಲಿಟ್ಟು ಕೊಡೂದು. ಮರ್ಯಾದೆ ಅದು. ಇನ್‌ಕಮ್ ಅಲ್ಲ ಮಾರಾಯ್ರೆ!”

ಕೊಡುವವರು ಕಾಗದ ಕೊಡದಿದ್ದರೂ ಗಳಿಸಿದ್ದನ್ನು ನಾವೇ ಬರೆಯಬೇಕು ಎಂದು ತಿಳಿಸಿ ಹೇಳಿದೆ. ಲೋಕ ಗೊತ್ತಿಲ್ಲದ ಹೆಂಗಸು ಎಂಬಂತೆ ನಕ್ಕ. ನನ್ನಿಂದಾಗದು ಎಂದೆ. ಸೊನ್ನೆ ಬರೆಯುವವರಿಗೆ ರೈಲ್ವೆ ಸ್ಟೇಷನ್ನಿನ ಆಚೆ ಬರವಿಲ್ಲ; ಅಲ್ಲಿಗೆ ಹೋದ.

ಈ ವರ್ಷ ಮತ್ತೆ ಬಂದ, ಬೆವರು ಒರೆಸಿಕೊಳ್ಳುತ್ತ. ಟಿಟ್ವಾಳಾದಲ್ಲಿ ಫ್ಲ್ಯಾಟ್ ನೋಡಿದ್ದನಂತೆ. ರಿಟರ್ನಿನಲ್ಲಿದ್ದ ಸೊನ್ನೆ ಕಂಡು ಬ್ಯಾಂಕಿನವರು ಲೋನ್ ಆಗುವುದಿಲ್ಲ ಎಂದರಂತೆ.

“ಎಂಟು ಲಕ್ಷ ಇನ್‌ಕಮ್ ಉಂಟು ಅಂತ ಹಳೇ ವರ್ಷದ್ದೂ ಸೇರಿಸಿ ಬರೀರಿ ಅಕ್ಕ. ಟ್ಯಾಕ್ಸ್ ಮಾತ್ರ ಬರದ ಹಾಗೆ ನೋಡ್ಕೊಳ್ಳಿ.”

“ಯಾರಾದ್ರೂ ಕಾಗದ ಕೊಟ್ಟಿದ್ದಾರಾ?”

“ಕಾಗದ ಎಂತಕ್ಕೆ? ಡೊಂಬಿವಲಿಯಲ್ಲಿ ಯಾರನ್ನು ಬೇಕಾದ್ರೂ ಕೇಳಿ. ನನ್ನ ಅಡುಗೆ ಇಲ್ಲದೆ ನಮ್ಮವರದ್ದು ಒಂದು ಮದುವೆ ಆಗ್ತದಾ?”

ಅವನ ಫೈಲನ್ನು ತೆರೆಯದೆ ಅವನ ಕಡೆಗೇ ತಳ್ಳಿದೆ.

“ಹಾಗಾದ್ರೆ ಬ್ಯಾಂಕಿಗೆ ಎರಡು ವೀಳ್ಯದೆಲೆ ತಗೊಂಡು ಹೋಗಿ ಜಯಶೀಲಣ್ಣ. ಮರ್ಯಾದೆ ನೋಡಿ ಲೋನ್ ಕೊಡ್ತಾರಾ ಕೇಳಿ.”