ಅಣ್ಣನ ವಿಳಾಸ

"ಒಂದ್ ಸಲ ಒತ್ತಿದ್ರೆ ಮುಗೀತಣ್ಣಾ," ಎಂದು ಸಣ್ಣವ ಮೂರನೆಯ ಸಲ ಹೇಳಿದ. ದೊಡ್ಡವ ಕಂಪ್ಯೂಟರಿನ ಮೇಲಿಂದ ಕಣ್ಣು ತೆಗೆಯದೆ ಕಾಫಿ ಆರಿಸಿಕೊಳ್ಳುತ್ತಿದ್ದ.

ಇಬ್ಬರ ಹೆಸರೂ ಆರ್. ಕಾಳಿಯಪ್ಪನ್. ತಮಿಳುನಾಡಿನಲ್ಲಿ ನೆಲೆಸಿದ ಅವರ ಕನ್ನಡ ಮನೆತನದಲ್ಲಿ ಪ್ರತಿ ಮಗನ ಮೊದಲ ಗಂಡುಮಗುವಿಗೂ ತಾತನ ಹೆಸರು. ದೊಡ್ಡವನ ಅಪ್ಪ ರಾಜಾ, ಸಣ್ಣವನ ಅಪ್ಪ ರಾಮಸಾಮಿ, ಹಾಗಾಗಿ ಇನಿಶಿಯಲ್ಲೂ ಒಂದೇ. ಅಜ್ಜಿ ಪಾಪಮ್ಮಾಳ್ ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ. ಮೊಮ್ಮಕ್ಕಳನ್ನು ದೊಡ್ಡವ, ಸಣ್ಣವ ಎಂದೇ ಕರೆದು ಬೆಳೆಸಿದಳು. ದೊಡ್ಡವ ತೇನಿಯ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್. ಸಣ್ಣವ ಉತ್ತಮಪಾಳಯಂ ಕಡೆ ಹನ್ನೊಂದು ವರ್ಷದಿಂದ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಇಷ್ಟು ವರ್ಷ ಬಾಗಿಲಲ್ಲೇ ನಿಲ್ಲಿಸಿದವನನ್ನು ಅತಿಥಿ ಎಂದು ಕರೆಯುವುದಕ್ಕೂ ಎದೆ ಬೇಕು.

ಬೋಡಿ ಬೆಟ್ಟದ ಏಲಕ್ಕಿ ತೋಟಗಳಲ್ಲಿ ಜಿಗಣೆಗಳಿಗೆ ಕಾಲು ಕೊಟ್ಟು, ಕಾಯಿ ಕೊಳೆಯುವ ರೋಗದ ಮೇಲೆ ಸಣ್ಣವ ಒಂಬತ್ತು ಲೇಖನ ಬರೆದಿದ್ದ. ಅತಿಥಿಗಳು ಕಾಲೇಜಿನ ಹೆಸರು ಹಾಕಿಕೊಳ್ಳಬಾರದೆಂದು ಅವನ ಪ್ರಿನ್ಸಿಪಾಲರು ತಾಕೀತು ಮಾಡಿದ್ದರು. "ನಮ್ ಕಾಲೇಜ್ ವಿಳಾಸ ಹಾಕು ತಂಬಿ, ನನ್ ಮೇಲ್ ಐಡಿ ಕೊಡು. ನಾ ಏನ್ ಬೇರೆಯೋನಾ?" ಎಂದಿದ್ದ ದೊಡ್ಡವ. ಆ ದಿನ ಸಣ್ಣವ ಅಣ್ಣನ ಕಾಲು ಮುಟ್ಟುವುದೊಂದು ಬಾಕಿ.

ಲೇಖನಗಳ ಲೆಕ್ಕ ಇಡುವ ಜಾಲತಾಣ ಹೆಸರು ನೋಡಿತು, ವಿಳಾಸ ನೋಡಿತು, ಒಂಬತ್ತನ್ನೂ ದೊಡ್ಡವನ ಪುಟಕ್ಕೆ ಸೇರಿಸಿತು. ಅದುವರೆಗೆ ದೊಡ್ಡವನ ಬರಹವನ್ನು ಜಗತ್ತಿನಲ್ಲಿ ಉಲ್ಲೇಖಿಸಿದ್ದು ಮೂವತ್ತೆಂಟು ಸಲ, ಅದರಲ್ಲಿ ಅರ್ಧ ಅವನೇ. ಈಗ ಸಾವಿರದ ನೂರು ದಾಟಿತ್ತು. ಬಣ್ಣದ ರಸಾಯನವೂ ಗೊತ್ತು, ಏಲಕ್ಕಿಯ ರೋಗವೂ ಗೊತ್ತು, ಎಂಥ ಮೇಧಾವಿ ಎಂದು ಕಾಲೇಜು ಗೇಟಿಗೆ ಫ್ಲೆಕ್ಸ್ ಕಟ್ಟಿ, ಅವನನ್ನು ಡೀನ್ ಮಾಡಿತು. ಅವನೂ ಬೇಡವೆನ್ನಲಿಲ್ಲ.

"ಸೋಮವಾರ ದಿಂಡಿಗಲ್ಲಲ್ಲಿ ಇಂಟರ್ವ್ಯೂ ಅಣ್ಣಾ. ಖಾಯಂ ಕೆಲ್ಸ. ನನ್ ವಯಸ್ಸಿಗೆ ಇದೇ ಕಡೇದು. ಇವು ನನ್ನವಲ್ಲ ಅಂತ ನೀ ಒತ್ತಿದ್ರೆ ನನ್ ಪುಟಕ್ಕೆ ಬತ್ತವೆ."

"ಒತ್ತೀನಿ ಪಾ. ಭಾನುವಾರ ಕಂಬಂನಾಗೆ ನಮ್ಮೋರು ನಂಗೆ ಪರಿವಟ್ಟ ಕಟ್ತಾರೆ. ಅದೊಂದು ಮುಗೀಲಿ." ದೊಡ್ಡವ ಲೋಟ ಕೆಳಗಿಟ್ಟ. "ಆ ಏಲಕ್ಕಿ ಲೇಖನಗಳ ಹೆಸರಿಗೆ ನಂಗೆ ನಾಲಿಗೆ ತಿರುಗಲ್ಲ ತಂಬಿ. ಮೈಕಲ್ಲಿ ನೀನೇ ಓದು."

ಭಾನುವಾರ ಮಂಟಪದಲ್ಲಿ ದೊಡ್ಡವನ ತಲೆಗೆ ಹಿರಿಯರು ಪರಿವಟ್ಟವೆಂಬ ಮರ್ಯಾದೆಯ ರೇಷ್ಮೆ ಬಟ್ಟೆ ಸುತ್ತಿದರು. ಸಣ್ಣವ ಮೈಕಿನ ಮುಂದೆ ನಿಂತು, ನಮ್ಮ ಅಣ್ಣ ಬರೆದ ಲೇಖನಗಳು ಎಂದು ಒಂದೊಂದನ್ನೇ ಓದಿದ. ಮೂರನೆಯದಕ್ಕೆ ಬಂದಾಗ ದನಿ ಕಟ್ಟಿತು. ಅದಕ್ಕಾಗಿ ಅಲೆದ ಮಳೆಗಾಲದಲ್ಲಿ ತೋಟದ ಶೆಡ್ಡಿನಲ್ಲಿ ಹದಿನೇಳು ದಿನ ಜ್ವರದಲ್ಲಿ ಮಲಗಿದ್ದ. ಅಣ್ಣನ ಮೇಲೆ ಎಷ್ಟು ಪ್ರೀತಿ ಎಂದು ಜನ ಚಪ್ಪಾಳೆ ತಟ್ಟಿದರು, ಮೊಬೈಲುಗಳನ್ನು ಇನ್ನೂ ಮೇಲೆತ್ತಿ ಹಿಡಿದರು.

ಕೆಳಗಿಳಿದ ಮೇಲೆ ಸಣ್ಣವ ತನ್ನ ಫೋನನ್ನು ಅಣ್ಣನ ಮುಂದೆ ಚಾಚಿದ.

"ಈಗ ಎಂಗ್ ಪಾ ಒತ್ತೋದು?" ಎಂದ ದೊಡ್ಡವ, ಅವನ ಹೆಗಲ ಮೇಲೆ ಕೈಯಿಟ್ಟು. "ನನ್ನವು ಅಂತ ನೀನೇ ಎಲ್ರ ಮುಂದೆ ಓದ್ದೆ. ಎಲ್ಲಾರ್ ಫೋನಲ್ಲೂ ಐತೆ." ದನಿಯಲ್ಲಿ ಒಂದಿಷ್ಟೂ ಬಿರುಸಿರಲಿಲ್ಲ.

ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಪಾಪಮ್ಮಾಳ್ ಅವನ ಕೈ ಎಳೆದಳು. "ಸಣ್ಣವನೇ, ಜಿಗಣೆ ಕಚ್ಚಿಸ್ಕೊಂಡು ಬತ್ತಿದ್ದೋನು ನೀನಲ್ವಾ?"

"ಆಮಾ, ನಾನೇ ಅವ್ವಾ."

"ಮತ್ತೆ?"

ಅಷ್ಟರಲ್ಲಿ ದೊಡ್ಡವ ಫೋಟೊಗೆಂದು ಅವಳ ಕಾಲಿಗೆ ಬಗ್ಗಿದ. ಮುದುಕಿ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು. ಯಾರೋ ಅದನ್ನೆತ್ತಿ ಅವನ ತಲೆಯ ಮೇಲಿಟ್ಟರು.

ಸೋಮವಾರ ದಿಂಡಿಗಲ್ಲಿನಲ್ಲಿ ಮೂವರು ಕೂತಿದ್ದರು. ನಡುವಿನ ಮೇಡಂ ಸಣ್ಣವನ ಹೆಸರು ಹುಡುಕಿ, ಪರದೆಯನ್ನು ಅವನತ್ತ ತಿರುಗಿಸಿದರು. ರೇಷ್ಮೆ ಬಟ್ಟೆ ಸುತ್ತಿಕೊಂಡ ದೊಡ್ಡವ ನಗುತ್ತಿದ್ದ. ಫೋಟೊ ಬದಲಾಗಿ ಒಂದು ದಿನವೂ ಆಗಿರಲಿಲ್ಲ.

"ಇವರು ನಿಮಗೇನಾಗಬೇಕು?" ಎಂದು ತಮಿಳಿನಲ್ಲಿ ಕೇಳಿದರು.

"ಅಣ್ಣ, ಮೇಡಂ. ದೊಡ್ಡಪ್ಪನ ಮಗ. ಅದರಲ್ಲಿ ಏಲಕ್ಕಿ ಮೇಲಿನ ಒಂಬತ್ತೂ ನಾನು ಬರೆದದ್ದು." ಫೈಲನ್ನು ಮೇಜಿನ ಮೇಲೆ ನೂಕಿದ.

ಮೇಡಂ ಒಂಬತ್ತರ ಮೊದಲ ಪುಟಗಳನ್ನೂ ತಿರುವಿದರು. ಎಲ್ಲದರಲ್ಲೂ ತೇನಿಯ ಕಾಲೇಜು, ಎಲ್ಲದರಲ್ಲೂ ದೊಡ್ಡವನ ಮೇಲ್ ಐಡಿ.

"ಒಂದೇ ಹೆಸರಿದ್ದರೆ ಅನುಕೂಲ, ಅಲ್ಲವೇ?" ಎಂದರು. ಪಕ್ಕದವರು ಮೊಬೈಲಿಗೆ ಬಂದಿದ್ದ ಕಂಬಂ ಸಮಾರಂಭದ ವೀಡಿಯೊ ತೆಗೆದು ಸಣ್ಣಗೆ ದನಿ ಹೆಚ್ಚಿಸಿದರು. ನಮ್ಮ ಅಣ್ಣ ಬರೆದ ಲೇಖನಗಳು, ಎಂದಿತು ಸಣ್ಣವನ ದನಿ.

"ಚೆನ್ನಾಗಿ ಓದುತ್ತೀರಿ," ಎಂದು ಮೇಡಂ ಫೈಲನ್ನು ಅವನತ್ತ ಸರಿಸಿ, ಪಟ್ಟಿಯಲ್ಲಿ ಮುಂದಿನ ಹೆಸರು ನೋಡಿದರು.

ಸಣ್ಣವ ಫೈಲಿನ ದಾರ ಕಟ್ಟಿದ. ಮೇಜಿನ ಕೆಳಗೆ ಅವನ ಬಲಗಾಲಿನ ಹಿಮ್ಮಡಿ ಎಡಗಾಲಿನ ಹಳೆಯ ಜಿಗಣೆ ಕಲೆಗಳನ್ನು ತಿಕ್ಕುತ್ತಲೇ ಇತ್ತು.